ತೋರಿಸುವ ಕಣ

ಜಯನಗರದ ಏಳನೇ ಬ್ಲಾಕಿನಲ್ಲಿ ಒಂದು ಎರಡಂತಸ್ತಿನ ಬಾಡಿಗೆ ಮನೆಗೆ ‘ರೋಗನಿರೋಧ ಸಂಶೋಧನಾ ಕೇಂದ್ರ’ ಅಂತ ಬೋರ್ಡು ಹಾಕಿದ್ದರು. ಬೋರ್ಡಿನ ಉದ್ದ ನೋಡಿದವರು ಒಳಗೆ ಏನೋ ಘನಂದಾರಿ ಕೆಲಸ ನಡೆಯುತ್ತಿದೆ ಅಂದುಕೊಂಡು ಗೌರವದಿಂದ ಹಾದುಹೋಗುತ್ತಿದ್ದರು. ಚೂಡಾಮಣಿಗೆ ಆ ಗೌರವ ಕಂಡರೆ ನಗು ಬರುತ್ತಿತ್ತು. ಐದು ವರ್ಷದಿಂದ ಅಲ್ಲಿ ಪಿಎಚ್‌ಡಿ ಅಂತ ಹೆಣಗುತ್ತಿದ್ದವಳು ಅವಳು. ಬೋರ್ಡಿನ ಹಿಂದೆ ಎಷ್ಟು ಜೇಡರ ಬಲೆ ಇದೆ ಅಂತ ಚೆನ್ನಾಗಿ ಬಲ್ಲವಳು.

ಗ್ಯಾರೇಜಿನಲ್ಲಿ ಬಿಳಿ ಇಲಿಗಳಿದ್ದವು. ಮಹಡಿ ಮೇಲೆ ವಾಸವಿದ್ದ ಮನೆಯೊಡತಿ ಸೀತಮ್ಮ ಇಲಿ ಅಂದ ಕೂಡಲೇ ಮುಖಕ್ಕೆ ಬಾಗಿಲು ಹಾಕಿದ್ದರಂತೆ. ಗಣಪತಿಯ ವಾಹನ ಅಂತ ಯಾರೋ ತಿದ್ದಿ ಹೇಳಿದ ಮೇಲೆ ಒಪ್ಪಿದರು. ಕೆಳಗಿನ ಮನೆಯ ದೇವರ ಕೋಣೆಗೆ ಕಿಟಕಿ ಇರಲಿಲ್ಲ, ಗಾಳಿ ಧೂಳು ಬರುತ್ತಿರಲಿಲ್ಲ. ಜೀವಕಣಗಳನ್ನು ಬೆಳೆಸುವುದಕ್ಕೆ ಅದೇ ಪ್ರಶಸ್ತ ಅಂತಾಯಿತು. ದೇವರಿಲ್ಲದಿದ್ದರೂ ಅದು ದೇವರ ಕೋಣೆಯೇ, ಬೂಟು ಚಪ್ಪಲಿ ಒಳಗೆ ಹೋಗಕೂಡದು ಅಂತ ಸೀತಮ್ಮ ಕರಾರು ಹಾಕಿದರು. ಅಲ್ಲಿ ಬಳಸುತ್ತಿದ್ದ ಕೋಳಿಮೊಟ್ಟೆಯ ಲೋಳೆಯನ್ನು ಅವರೆದುರಿಗೆ ‘ಪ್ರೋಟೀನು’ ಅಂತಲೇ ಕರೆಯಬೇಕಿತ್ತು. ಮಡಿಗೆ ಮಡಿಯೂ ಆಯಿತು, ವಿಜ್ಞಾನಕ್ಕೆ ವಿಜ್ಞಾನವೂ ಆಯಿತು.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಜಯಸಿಂಹ. ಚೂಡಾಮಣಿಗೆ ಗೈಡೂ ಅವರೇ. ಈ ಮಹಾನುಭಾವರು ದೇವರ ಕೋಣೆಗೆ ಕಾಲಿಟ್ಟಿದ್ದನ್ನು ಅವಳು ಒಂದು ಸಲವೂ ಕಂಡಿರಲಿಲ್ಲ. ಲೇಸು ಕಟ್ಟುವ ಬೂಟು, ಮುಂದಕ್ಕೆ ಬಂದ ಹೊಟ್ಟೆ. ಬಗ್ಗಿ ಬಿಚ್ಚಿ ಮತ್ತೆ ಬಗ್ಗಿ ಕಟ್ಟುವ ಗೋಜು ಯಾರಿಗೆ ಬೇಕು ಅಂತ ಮುಂದಿನ ಕೋಣೆಯಲ್ಲೇ ಕೂತು ಸಂಶೋಧನೆ ನಡೆಸುತ್ತಿದ್ದರು. ಅಡುಗೆಮನೆಯ ಹೊಸಿಲು ದಾಟದೆ ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನುವ ಯಜಮಾನರನ್ನು ಅವಳು ಬೇಕಾದಷ್ಟು ನೋಡಿದ್ದಳು. ಇವರು ಪಿಎಚ್‌ಡಿ ಆದ ಯಜಮಾನರು, ಅಷ್ಟೆ.

ಜಯಸಿಂಹರ ಹೆಸರು ನಾಲ್ಕು ಜನರಿಗೆ ಗೊತ್ತಾಗಿದ್ದು ಒಂದು ಸಿದ್ಧಾಂತದಿಂದ. ಮೈಯೊಳಗೆ ರೋಗ ಹೊಕ್ಕಾಗ ಉಳಿದ ಕಣಗಳಿಗೆ ‘ಏಳಿ, ಕೆಲಸ ಶುರು ಮಾಡಿ’ ಅಂತ ಹೇಳುವ ಒಂದು ಬಗೆಯ ಬಿಳಿ ರಕ್ತಕಣವಿದೆ. ಹೆಲ್ಪರ್ ಕಣ ಅನ್ನುತ್ತಾರೆ. ಈ ಹೆಲ್ಪರ್‌ಗೆ ರೋಗ ಬಂದದ್ದು ತಿಳಿಯುವುದು ಹೇಗೆ? ಹೊರದೇಶದವರು ಆಗಲೇ ಹೇಳುತ್ತಿದ್ದರು: ಅದಕ್ಕೆ ತಾನಾಗಿ ಏನೂ ಕಾಣಿಸುವುದಿಲ್ಲ. ಇನ್ನೊಂದು ಜಾತಿಯ ಕಣ ಬಂದದ್ದನ್ನು ನುಂಗಬೇಕು, ಚೂರು ಮಾಡಬೇಕು, ಒಂದು ಚೂರನ್ನು ತನ್ನ ಮೈಮೇಲಿಟ್ಟುಕೊಂಡು ತೋರಿಸಬೇಕು. ಆಮೇಲೆಯೇ ಹೆಲ್ಪರ್ ಏಳುವುದು. ಜಯಸಿಂಹ ಇದನ್ನು ಒಪ್ಪಲಿಲ್ಲ. ಹೆಲ್ಪರ್ ಯಾರ ಹಂಗೂ ಇಲ್ಲದೆ ತಾನೇ ನೋಡುತ್ತದೆ, ತಾನೇ ಏಳುತ್ತದೆ ಅಂತ ಪ್ರಯೋಗ ಮಾಡಿ ತೋರಿಸಿ, ‘ಸ್ವಾವಲಂಬಿ ಕಣ’ ಅಂತ ಹೆಸರಿಟ್ಟರು. ಅದು ಎಪ್ಪತ್ತಾರನೇ ಇಸವಿ, ಗೋಡೆಗೋಡೆಯ ಮೇಲೂ ಸ್ವಾವಲಂಬನೆಯ ಘೋಷಣೆ ಬರೆಯುತ್ತಿದ್ದ ಕಾಲ. ಆ ಹೆಸರು ದೆಹಲಿಯಲ್ಲಿ ಯಾರಿಗೋ ಹಿಡಿಸಿತು. ಗ್ರಾಂಟು ಬಂತು, ಅದರ ಹಿಂದೆಯೇ ಬೋರ್ಡು ಬಂತು.

ಐದು ವರ್ಷದಲ್ಲಿ ಜಗತ್ತೆಲ್ಲ ತೋರಿಸುವ ಕಣದ ಕಡೆಗೆ ಹೋಯಿತು, ಸ್ವಾವಲಂಬಿ ಕಣ ಮಾತ್ರ ಏಳನೇ ಬ್ಲಾಕಿನಲ್ಲೇ ಉಳಿಯಿತು. “ಅವರ ಇಲಿಗಳಿಗೆ ಶಕ್ತಿ ಸಾಲದು” ಅಂದಿದ್ದರಂತೆ ಜಯಸಿಂಹ. ಅಂದಿದ್ದರಂತೆ, ಯಾಕೆಂದರೆ ಅದನ್ನು ಚೂಡಾಮಣಿ ಅವರ ಬಾಯಿಂದ ಕೇಳಿದ್ದಲ್ಲ, ಗೌರೀಶಂಕರ ಬಂದು ಹೇಳಿದ್ದು.

ಗೌರೀಶಂಕರ ಟೆಕ್ನಿಕಲ್ ಅಸಿಸ್ಟೆಂಟು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು. ಅವೆರಡರಲ್ಲಿ ಯಾವುದರಿಂದಲೂ ಅವನು ಏನಾದರೂ ಬರೆದದ್ದನ್ನು ಕಂಡವರಿಲ್ಲ. ದಿನಕ್ಕೆರಡು ಹೊತ್ತು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಮುಂದಿನ ಕೋಣೆಗೆ ಹೋಗುವುದು ಅವನ ಅಸಲು ಉದ್ಯೋಗ. ಕಾಫಿಯ ಜೊತೆಗೆ ಸುದ್ದಿ. ಸುದ್ದಿಯನ್ನು ಅವನು ಇಡಿಯಾಗಿ ಒಯ್ಯುತ್ತಿರಲಿಲ್ಲ. ತನಗೆ ಬೇಕಾದ ಒಂದು ಚೂರು ತೆಗೆದು, ಅದಕ್ಕೊಂದು ಒಗ್ಗರಣೆ ಹಾಕಿ ಒಯ್ಯುತ್ತಿದ್ದ. ಒಂದು ಬೇಸಿಗೆಯಲ್ಲಿ ಒಂದಷ್ಟು ಇಲಿಗಳು ಸತ್ತವು. “ಸೆಕೆಗೆ ಹೋದ್ವು ಸಾರ್, ನೀವು ಹೇಳಿ ಫ್ಯಾನ್ ಹಾಕಿಸಿದ್ದಕ್ಕೆ ಇಷ್ಟಾದ್ರೂ ಉಳಿದ್ವು” ಅಂದ. ಜಯಸಿಂಹ ಹಿಗ್ಗಿದರು. ಮರುವರ್ಷ ಹಾಗೆಯೇ ಸತ್ತಾಗ, “ಯಲ್ಲಯ್ಯ ಫ್ಯಾನ್ ಆರಿಸಿ ಊಟಕ್ಕೆ ಹೋಗಿದ್ದ ಸಾರ್” ಅಂತ ಒಂದು ನಿಟ್ಟುಸಿರು ಸೇರಿಸಿದ. ಇಲಿ ನೋಡಿಕೊಳ್ಳುತ್ತಿದ್ದ ಯಲ್ಲಯ್ಯನಿಗೆ ಮೆಮೊ ಹೋಯಿತು. ಎರಡು ಸಲವೂ ಗೌರೀಶಂಕರ ಹೇಳಿದ್ದು ನಿಜವೇ.

ಅವನ ಸೇವೆ ಒಂದೇ ದಿಕ್ಕಿನದಲ್ಲ. ಅಲ್ಲಿಂದ ಇಲ್ಲಿಗೂ ತರುತ್ತಿದ್ದ. ಎರಡು ವರ್ಷದ ಹಿಂದೆ ಒಂದು ದಿನ ದೇವರ ಕೋಣೆಯ ಬಾಗಿಲಿಗೆ ಒರಗಿ, ಹೇಳಲೋ ಬೇಡವೋ ಅನ್ನುವಂತೆ ಕೆನ್ನೆ ಕೆರೆದುಕೊಂಡ.

“ಹೆಣ್ಣುಮಕ್ಕಳು ಮದುವೆ ಆಗೋ ತನಕ ಟೈಂಪಾಸ್‌ಗೆ ಓದ್ತಾರೆ ಅಂದ್ರು ಮೇಡಂ, ನಮ್ಮ ಸಾರ್. ನಂಗೇ ಒಂಥರಾ ಬೇಜಾರಾಯ್ತು.”

“ನನ್ನ ಬಗ್ಗೆ ಹೇಳಿದ್ರಾ?”

“ಹೆಸರೇನೂ ತೆಗೀಲಿಲ್ಲ. ಆದ್ರೆ ನೀವೇ ನೋಡಿ, ನಿಮ್ಮ ಸೀನಿಯರ್ ಸರಸ್ವತಿ ಮೇಡಂಗೆ ಮದುವೆಯಾಗಿ ಮಕ್ಕಳೂ ಇದ್ದಾರೆ. ಇನ್ಯಾರಿದ್ದಾರೆ ಇಲ್ಲಿ?”

ಚೂಡಾಮಣಿಗೆ ಮೈಯೆಲ್ಲ ಉರಿದುಹೋಯಿತು. ಬನಶಂಕರಿಯ ಮನೆಯಲ್ಲಿ ಪ್ರತಿ ಭಾನುವಾರ ಒಬ್ಬೊಬ್ಬ ಗಂಡಿನ ಫೋಟೋ ಬರುತ್ತಿತ್ತು. ಥೀಸಿಸ್ ಮುಗಿಯಲಿ ಅಂತ ಅವಳು ತಳ್ಳುತ್ತ ಬಂದಿದ್ದಳು. ಇಲ್ಲಿ ನೋಡಿದರೆ ಥೀಸಿಸ್ ಮಾಡಿಸಬೇಕಾದವರೇ ಈ ಮಾತಾಡುತ್ತಾರೆ.

“ಆ ಮುದುಕನಿಗೆ ಏನು ಗೊತ್ತಾಗತ್ತೆ ಬಿಡಿ” ಅಂದಳು. “ಮೈಕ್ರೋಸ್ಕೋಪಲ್ಲಿ ಯಾವ ಕಡೆಯಿಂದ ನೋಡ್ಬೇಕು ಅನ್ನೋದೂ ಮರ್ತೋಗಿರತ್ತೆ.”

ಗೌರೀಶಂಕರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಅಂದಿನಿಂದ ಚೂಡಾಮಣಿ ಮುಂದಿನ ಕೋಣೆಗೆ ಹೋಗುವುದನ್ನೇ ಬಿಟ್ಟಳು. ತನ್ನ ಕೆಲಸ ಎಲ್ಲಿಗೆ ಬಂತು ಅನ್ನುವುದನ್ನೂ ಗೌರೀಶಂಕರನ ಕೈಯಲ್ಲೇ ಹೇಳಿ ಕಳಿಸುತ್ತಿದ್ದಳು. ಆ ಮುಖ ನೋಡುವುದಕ್ಕಿಂತ ಅದು ಎಷ್ಟೋ ವಾಸಿ ಅನಿಸಿತ್ತು.

ಈಗ ತಟ್ಟೆಯ ವಿಷಯಕ್ಕೆ ಬರಬೇಕು.

ಕಣಗಳನ್ನು ಬೆಳೆಸಲು ಹೊರದೇಶದಿಂದ ಪ್ಲಾಸ್ಟಿಕ್ಕಿನ ಪುಟ್ಟ ತಟ್ಟೆಗಳು ಬರುತ್ತವೆ. ಒಂದು ಸಲ ಬಳಸಿ ಬಿಸಾಡಿ ಅಂತ ಪೊಟ್ಟಣದ ಮೇಲೆ ಅಚ್ಚು ಹಾಕಿರುತ್ತಾರೆ. ಬಿಸಾಡುವುದೇ? ಹಾಲಿನ ಕವರನ್ನೂ ತೊಳೆದು ಒಣಗಿಸಿ ಇಟ್ಟುಕೊಳ್ಳುವ ಊರಿನಲ್ಲಿ, ಆಮದು ಪರವಾನಗಿಗೆ ವರ್ಷಗಟ್ಟಲೆ ಕಾದು ತರಿಸಿದ ತಟ್ಟೆಯನ್ನು ಬಿಸಾಡಿದರೆ ಪಾಪ ತಟ್ಟದೆ ಬಿಟ್ಟೀತೇ? ಕೇಂದ್ರ ಶುರುವಾದಾಗ ಬಂದ ತಟ್ಟೆಗಳನ್ನೇ ಸೋಪಿನ ಪುಡಿ ಹಾಕಿ ಉಜ್ಜಿ, ಮಹಡಿಯ ತಾರಸಿಯಲ್ಲಿ ಸೀತಮ್ಮನ ಸಂಡಿಗೆಯ ಪಕ್ಕ ಬಿಸಿಲಿಗಿಟ್ಟು, ಕ್ರಿಮಿ ಕೊಲ್ಲುವ ನೇರಳೆ ದೀಪದ ಕೆಳಗೆ ಒಂದಷ್ಟು ಹೊತ್ತು ಇರಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. ದೆಹಲಿಯಿಂದ ಬಂದ ತನಿಖೆಯವರು ಈ ಮಿತವ್ಯಯವನ್ನು ಮೆಚ್ಚಿ ಚಪ್ಪಾಳೆ ತಟ್ಟಿ ಹೋಗಿದ್ದರು. ಕೇಂದ್ರಕ್ಕೂ ಮೊದಲು ಸ್ವಾವಲಂಬಿ ಕಣ ಹುಟ್ಟಿದ್ದೂ ಇಂಥ ತೊಳೆದ ತಟ್ಟೆಯಲ್ಲೇ.

ಎಂಬತ್ತೊಂದರ ಜನವರಿಯಲ್ಲಿ ಗೌರೀಶಂಕರ ಷರ್ಟಿನೊಳಗಿಂದ ಒಂದು ಪೊಟ್ಟಣ ತೆಗೆದು ಚೂಡಾಮಣಿಯ ಮುಂದಿಟ್ಟ. ಸೀಲು ಒಡೆಯದ ಹೊಚ್ಚ ಹೊಸ ತಟ್ಟೆಗಳು.

“ಎಲ್ಲಿಂದ ಬಂತು ಇದು?”

“ಬಂತು ಬಿಡಿ ಮೇಡಂ. ನೀವು ಪ್ರಯೋಗ ಮಾಡಿ. ಯಾರಿಗೂ ಗೊತ್ತಾಗೋದು ಬೇಡ.”

ಅವನ ಬಗ್ಗೆ ಅವಳಿಗೆ ಮೊದಲ ಸಲ ಒಂದಿಷ್ಟು ಗೌರವ ಬಂತು. ಅಂದೇ ಶುರು ಮಾಡಿದಳು. ಇಲಿಯ ಗುಲ್ಮದಿಂದ, ಅಂದರೆ ಸ್ಪ್ಲೀನಿನಿಂದ, ತೆಗೆದ ಕಣಗಳನ್ನು ತಟ್ಟೆಗೆ ಹಾಕಿ ಬೆಚ್ಚಗಿಟ್ಟರೆ, ನುಂಗುವ ಜಾತಿಯ ಕಣಗಳು ತಳಕ್ಕೆ ಅಂಟಿಕೊಳ್ಳುತ್ತವೆ; ಹೆಲ್ಪರ್‌ಗಳು ಅಂಟುವುದಿಲ್ಲ. ಮೇಲಿನ ನೀರನ್ನು ಬಸಿದರೆ ಬರುವುದು ನುಂಗುವ ಕಣಗಳಿಲ್ಲದ ಹೆಲ್ಪರ್‌ಗಳು. ಜಯಸಿಂಹರೂ ಹೀಗೇ ಮಾಡಿದ್ದರು. ಅವರ ಹೆಲ್ಪರ್‌ಗಳು ರೋಗಾಣುವಿನ ಬದಲಿಗೆ ಮೊಟ್ಟೆಯ ಪ್ರೋಟೀನು ಹಾಕಿದ ಕೂಡಲೇ ದಪ್ಪಗಾಗಿ, ಒಂದು ಎರಡಾಗಿ, ಎರಡು ನಾಲ್ಕಾಗಿ ಎದ್ದು ಕೂತಿದ್ದವು.

ಹೊಸ ತಟ್ಟೆಯಲ್ಲಿ ಬಸಿದ ಹೆಲ್ಪರ್‌ಗಳು ಏಳಲೇ ಇಲ್ಲ. ಪ್ರೋಟೀನು ಎಷ್ಟು ಸುರಿದರೂ ಕಲ್ಲಿನಂತೆ ಬಿದ್ದಿದ್ದವು. ತಳಕ್ಕೆ ಅಂಟಿದ್ದ ಕಣಗಳನ್ನು ಒಂದಿಷ್ಟು ಕೆರೆದು ಸೇರಿಸಿದಳು, ತಕ್ಷಣ ಎದ್ದವು. ಹಳೆಯ ತಟ್ಟೆಯಲ್ಲಿ ಬಸಿದು ಪಕ್ಕದಲ್ಲಿಟ್ಟು ನೋಡಿದಳು. ಎಷ್ಟು ತೊಳೆದರೂ ಹೋಗದ, ಕಣ್ಣಿಗೆ ಕಾಣದ ಸೋಪಿನ ಪೊರೆ ಆ ತಳದಲ್ಲಿ ಕೂತಿತ್ತು. ಅಂಟಬೇಕಾದ ಕಣಗಳು ಅಂಟದೆ ಜಾರಿ, ಬಸಿದ ನೀರಿನ ಜೊತೆಗೇ ಬಂದುಬಿಡುತ್ತಿದ್ದವು. ಜಯಸಿಂಹರ ‘ಶುದ್ಧ’ ಹೆಲ್ಪರ್‌ಗಳ ನಡುವೆ ತೋರಿಸುವವರು ಆರಾಮಾಗಿ ಕೂತು ತೋರಿಸುತ್ತಿದ್ದರು.

ಸಿದ್ಧಾಂತ, ಗ್ರಾಂಟು, ಬೋರ್ಡು ಎಲ್ಲವೂ ಉಜ್ಜುವ ಪುಡಿಯ ಮಹಿಮೆ! ಚೂಡಾಮಣಿ ಒಬ್ಬಳೇ ಆ ಕೋಣೆಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ಅಷ್ಟಕ್ಕೇ ಬಿಡಲಿಲ್ಲ. ಗುಲ್ಮದ ನುಂಗುವ ಕಣಗಳ ಬದಲು ಇಲಿಯ ಹೊಟ್ಟೆಯಿಂದ ತೆಗೆದವನ್ನು ಸೇರಿಸಿ ನೋಡಿದಳು. ಸ್ವಲ್ಪ ಸೇರಿಸಿದರೆ ಹೆಲ್ಪರ್‌ಗಳು ಎದ್ದವು. ಹಿಂಡು ಹಿಂಡಾಗಿ ಸೇರಿಸಿದರೆ, ಎದ್ದಿದ್ದವೂ ಮುದುಡಿ ಮಲಗಿದವು. ಪ್ರೋಟೀನು ಅದೇ, ಹೆಲ್ಪರ್‌ಗಳೂ ಅವೇ. ಯಾರು ತೋರಿಸಿದರು, ತೋರಿಸುವಾಗ ಜೊತೆಯಲ್ಲಿ ಯಾವ ಸನ್ನೆ ಮಾಡಿದರು ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಪಾಪದ ಹೆಲ್ಪರ್, ತಾನೇ ತೀರ್ಮಾನ ಮಾಡಿದೆ ಅಂದುಕೊಂಡಿರುತ್ತದೆ ಅಂತ ಅವಳಿಗೆ ಅನಿಸಿತು. ಇದನ್ನೇ ಥೀಸಿಸ್‌ನ ಕೊನೆಯ ಅಧ್ಯಾಯ ಮಾಡಿ, ಇಡೀ ಥೀಸಿಸ್ ಟೈಪು ಮಾಡಿಸಿ, ಮುಂದಿನ ಕೋಣೆಗೆ ಕೊಡಿ ಅಂತ ಗೌರೀಶಂಕರನ ಕೈಗಿತ್ತಳು.

ಆಮೇಲೆ ಭಯ ಶುರುವಾಯಿತು. ಮಾರ್ಚಿ ಕೊನೆಗೆ ಯೂನಿವರ್ಸಿಟಿಯ ಗಡುವು, ಅದು ದಾಟಿದರೆ ರಿಜಿಸ್ಟ್ರೇಷನ್ನೇ ರದ್ದು. ಐದು ವರ್ಷ ನೀರಿಗೆ ಹೋದ ಹಾಗೆ; ಮಾರನೆಯ ಭಾನುವಾರ ಬರುವ ಫೋಟೋಗೆ ಇಲ್ಲ ಅನ್ನಲು ಬಾಯಿರುವುದಿಲ್ಲ. ಸಲ್ಲಿಸಬೇಕಾದರೆ ಗೈಡ್ ಸಹಿ ಬೇಕು. ತನ್ನ ತಲೆಯ ಮೇಲೇ ಕಲ್ಲು ಎತ್ತಿಹಾಕುವ ಥೀಸಿಸ್‌ಗೆ ಯಾವ ಗೈಡ್ ಸಹಿ ಹಾಕುತ್ತಾನೆ?

“ನೀನೇ ಹೋಗಿ ಒಂದ್ಸಲ ಮಾತಾಡೇ” ಅಂದರು ಸರಸ್ವತಿ. ಅವರು ಪಕ್ಕದ ಮೇಜಿನ ಸೀನಿಯರ್, ಯಾರ ತಂಟೆಗೂ ಹೋಗದವರು. “ಮಧ್ಯದಲ್ಲಿ ಅವನ್ಯಾಕೆ?”

“ಮಾತಾಡಿದ್ರೆ ಅರ್ಥ ಆಗೋರ ಹತ್ರ ಮಾತಾಡ್ಬೇಕು ಮೇಡಂ” ಅಂತ ಚೂಡಾಮಣಿ ಮೂಗು ಮುರಿದಳು.

ಗೌರೀಶಂಕರನನ್ನು ಕೇಳಿದರೆ, ಸಾರ್ ಓದಿದರು, ಓದಿ ಕಿಟಕಿಯ ಕಡೆ ನೋಡುತ್ತ ಕೂತಿದ್ದರು ಅಂದ. ಮುಖ ಮಾತ್ರ ಸಾವಿನ ಮನೆಯಿಂದ ಬಂದವನ ಹಾಗೆ ಮಾಡಿಕೊಂಡಿದ್ದ. ಚೂಡಾಮಣಿಗೆ ಅಷ್ಟೇ ಸಾಕಾಯಿತು.

“ಸೆಮಿನಾರ್ ಬರ್ತಿದೆಯಲ್ಲ ಮೇಡಂ” ಅಂತ ತಾನೇ ದಾರಿಯನ್ನೂ ತೋರಿಸಿದ. “ಪುಣೆಯೋರು, ಮದ್ರಾಸಿನೋರು ಎಲ್ಲ ಇರ್ತಾರೆ. ಅಷ್ಟು ಜನರ ಮುಂದೆ ಇಟ್ಬಿಡಿ. ಆಮೇಲೆ ಸಹಿ ಹಾಕ್ದೆ ಎಲ್ಲಿಗೆ ಹೋಗ್ತಾರೆ?”

ವಾರ್ಷಿಕ ಸೆಮಿನಾರು ನಾಲ್ಕನೇ ಬ್ಲಾಕಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಹಿಂದಿನ ದಿನದ ಮದುವೆಯ ಮಾವಿನ ತೋರಣ ಇನ್ನೂ ಬಾಡಿರಲಿಲ್ಲ. ಜಯಸಿಂಹ ಮೊದಲ ಸಾಲಿನಲ್ಲಿ ಕೂತಿದ್ದರು. ಚೂಡಾಮಣಿ ರೇಷ್ಮೆ ಸೀರೆಯುಟ್ಟು ಬಂದಿದ್ದಳು. ಯುದ್ಧಕ್ಕೆ ಹೋಗುವವಳಿಗೆ ಇನ್ನೇನು ಬೇಕು?

ಚೆನ್ನಾಗಿ ಮಾತಾಡಿದಳು. ಹೊಸ ತಟ್ಟೆ, ಹಳೆ ತಟ್ಟೆ, ಅಂಟುವ ಕಣ, ಅಂಟದ ಕಣ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ಭಾಷಣವಾಗುತ್ತಿತ್ತು. ಆದರೆ ಎರಡು ವರ್ಷದಿಂದ ಹೊಟ್ಟೆಯೊಳಗೆ ಕುದಿಯುತ್ತಿದ್ದದ್ದು ಇಷ್ಟು ಒಳ್ಳೆಯ ಅವಕಾಶವನ್ನು ಬಿಟ್ಟುಕೊಟ್ಟೀತೇ? ಯಲ್ಲಯ್ಯ ಉಜ್ಜಿ ಉಜ್ಜಿ ಮಂಕಾಗಿಸಿದ್ದ ಒಂದು ತಟ್ಟೆಯನ್ನು ಎತ್ತಿ ಹಿಡಿದಳು.

“ಸ್ವಾವಲಂಬಿ ಕಣವನ್ನು ಕಂಡುಹಿಡಿದ ಕೀರ್ತಿ ನಮ್ಮ ಕೇಂದ್ರದ್ದು ಅಂತ ಹೇಳ್ತಾರೆ. ಅದು ತಪ್ಪು. ಆ ಕೀರ್ತಿ ಸೋಪಿನ ಪುಡಿ ಕಂಪೆನಿಗೆ ಸೇರಬೇಕು. ದೇವರ ಕೋಣೆಯೊಳಗೆ ಒಂದು ಸಲ ಬಂದು ಕಣ್ಣಾರೆ ನೋಡಿದ್ದರೆ ಯಾರಿಗಾದರೂ ಗೊತ್ತಾಗ್ತಿತ್ತು. ಬೂಟು ಬಿಚ್ಚೋದು ಕಷ್ಟ ಅಂತ ಒಂದು ಸಿದ್ಧಾಂತವನ್ನೇ ಕಟ್ಟಿಕೊಂಡು ಕೂತರೆ ಹೀಗಾಗತ್ತೆ.”

ಊರಿನವರು ನಕ್ಕರು, ಪುಣೆಯವರಿಗೆ, ಮದ್ರಾಸಿನವರಿಗೆ ಯಾರೋ ಪಿಸುಗುಟ್ಟಿ ಅನುವಾದ ಮಾಡಿದ ಮೇಲೆ ಅವರೂ ನಕ್ಕರು. ಹಿಂದಿನ ಸಾಲಿನಲ್ಲಿ ಗೌರೀಶಂಕರ ತಲೆ ತಗ್ಗಿಸಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ. ಜಯಸಿಂಹ ಎದ್ದು ನಿಂತರು. 

“ಹೊಟ್ಟೆಯಿಂದ ತೆಗೆದ ಕಣಗಳ ಪ್ರಯೋಗ ಎಷ್ಟು ಸಲ ಮಾಡಿದೆಯಮ್ಮ?”

“ಎರಡು ಸಲ. ತಟ್ಟೆ ಅಷ್ಟೇ ಇದ್ದದ್ದು.”

“ಸರಿ” ಅಂತ ಕೂತರು. ಅವರ ಕಿವಿ ಕೆಂಪಾಗಿತ್ತು. ಕೇಳುವುದಕ್ಕೂ ಬೇರೇನೂ ತೋಚಲಿಲ್ಲ ಪಾಪ ಅಂದುಕೊಂಡು ಚೂಡಾಮಣಿ ಹೆಮ್ಮೆಯಿಂದ ವೇದಿಕೆ ಇಳಿದಳು. ಊಟಕ್ಕೆ ಹೋಳಿಗೆ ಇತ್ತು. ಎರಡು ಸಲ ಹಾಕಿಸಿಕೊಂಡಳು.

ಮಾರನೆಯ ದಿನ ಬೆಳಿಗ್ಗೆ ದೇವರ ಕೋಣೆಯಲ್ಲಿ ಕೂತಿದ್ದಾಗ ಹೊರಗೆ ಏನೋ ಏದುಸಿರು ಕೇಳಿಸಿತು. ತಿರುಗಿ ನೋಡಿದರೆ ಜಯಸಿಂಹ ಗೋಡೆ ಹಿಡಿದುಕೊಂಡು ಬೂಟು ಬಿಚ್ಚುತ್ತಿದ್ದರು. ಕಾಲುಚೀಲದಲ್ಲಿ ಒಳಗೆ ಬಂದು, ಕೇಳದೆಯೇ ಸ್ಟೂಲಿನ ಮೇಲೆ ಕೂತು, ಅವಳು ಬಣ್ಣ ಹಾಕಿ ಉಳಿಸಿಕೊಂಡಿದ್ದ ಹೊಸ ತಟ್ಟೆಯಿದ್ದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಕೈ ತಾನಾಗಿ ತಿರುಪಿನ ಮೇಲೆ ಹೋಯಿತು. ಒಂದೇ ಸಲಕ್ಕೆ ಕಣಗಳನ್ನು ಸ್ಪಷ್ಟ ಮಾಡಿಕೊಂಡರು. ಬಹಳ ಹೊತ್ತು ನೋಡಿದರು.

“ಚೆನ್ನಾಗಿ ಅಂಟಿವೆ” ಅಂದರು. “ಆ ಪೊಟ್ಟಣ ತರಿಸಿದ್ದಕ್ಕೂ ಸಾರ್ಥಕ ಆಯ್ತು. ಫಾರಿನ್ನಿಂದ ಬರೋವಾಗ ನನ್ನ ಭಾವಮೈದ ಸೂಟ್‌ಕೇಸಿನಲ್ಲಿ ಬಟ್ಟೆ ಕಮ್ಮಿ ಮಾಡಿ ತಂದ.”

ಚೂಡಾಮಣಿಗೆ ಮೊದಲು ಅರ್ಥವೇ ಆಗಲಿಲ್ಲ. “ನೀವು ತರಿಸಿದ್ದಾ ಸಾರ್?”

“ಮತ್ತೆ? ತಟ್ಟೆ ಮೇಲೆ ನನಗೆ ಅನುಮಾನ ಬಂದು ಎರಡು ವರ್ಷವಾಯ್ತು. ಅನ್ನ ಹಾಕಿದ ತಪ್ಪನ್ನ ಒಪ್ಕೊಳ್ಳೋಕೆ ಮನುಷ್ಯನಿಗೆ ಸ್ವಲ್ಪ ಟೈಮ್ ಹಿಡಿಯತ್ತಮ್ಮ. ಚೂಡಾಮಣಿ ಮಾಡ್ಲಿ, ಅವಳ ಕೈ ಚೊಕ್ಕ ಅಂತ ಗೌರೀಶಂಕರನ ಕೈಲಿ ಕೊಟ್ಟು ಕಳಿಸಿದೆ. ಊರೆಲ್ಲ ಹೇಳ್ಕೊಂಡು ತಿರುಗಬೇಡ ಅಂತಲೂ ಅಂದಿದ್ದೆ.”

“ನೀವೇ ಯಾಕೆ ಹೇಳ್ಲಿಲ್ಲ ಸಾರ್?”

“ನಿನಗೆ ನನ್ನ ಮುಖ ಕಂಡ್ರೆ ಆಗಲ್ಲ ಅಂತ ಗೊತ್ತಾಯ್ತಲ್ಲ. ‘ಆ ಮುದುಕನಿಗೆ ಏನು ಗೊತ್ತಾಗತ್ತೆ’ ಅಂದೆಯಂತೆ. ಮೈಕ್ರೋಸ್ಕೋಪು ಮರ್ತಿರ್ತಾರೆ ಅಂತಲೂ ಅಂದೆಯಂತೆ.” ಅವರು ಕಣ್ಣನ್ನು ಮೈಕ್ರೋಸ್ಕೋಪಿನಿಂದ ತೆಗೆದು ಅವಳ ಕಡೆ ತಿರುಗಿಸಿದರು. “ಅಂದೆಯಾ?”

ಮಂಟಪದಲ್ಲಿ ಅಷ್ಟು ಜನರನ್ನು ನಗಿಸಿದವಳು ಮೇಜಿನ ಮೇಲಿದ್ದ ಹಳೆಯ ತಟ್ಟೆಯೊಂದನ್ನು ಅಲ್ಲಿಂದ ಇಲ್ಲಿಗೆ ಸರಿಸಿದಳು. ಹೌದು ಅನ್ನುವ ಧೈರ್ಯವಿಲ್ಲ, ಇಲ್ಲ ಅನ್ನುವಷ್ಟು ನಾಚಿಕೆಗೇಡಿಯೂ ಅವಳಲ್ಲ.

“ಅದು ಹಾಗಲ್ಲ ಸಾರ್... ನೀವು, ಹೆಣ್ಣುಮಕ್ಕಳು ಮದುವೆ ತನಕ ಟೈಂಪಾಸ್‌ಗೆ ಓದ್ತಾರೆ ಅಂದ್ರಿ ಅಂತ...”

ಜಯಸಿಂಹ ಹುಬ್ಬುಗಂಟಿಕ್ಕಿ ನೆನಪು ಮಾಡಿಕೊಂಡರು. “ನನ್ನ ಮಗಳ ವಿಷಯ ಅದು. ಬಿಎಸ್ಸಿ ಅರ್ಧಕ್ಕೆ ಬಿಟ್ಟು ಮದುವೆ ಮಾಡ್ಕೋತೀನಿ ಅಂತ ಹಟ ಹಿಡಿದ ದಿನ, ಸಂಕಟಕ್ಕೆ ಅಂದಿದ್ದೆ. ಕಾಫಿ ಬಗ್ಗಿಸ್ತಾ ನಿಂತಿದ್ದ ಅವನು.”

ಜಯಸಿಂಹ ಮೈಕ್ರೋಸ್ಕೋಪಿನ ದೀಪ ಆರಿಸಿದರು. ಇನ್‌ಕ್ಯುಬೇಟರು ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

“ನೀನು ಮಾತಾಡಿದ ಮೇಲೆ ನಾನೇ ಎದ್ದು, ಹಳೇ ಪೇಪರ್ ವಾಪಸ್ ತಗೋತೀನಿ ಅಂತ ಹೇಳ್ಬೇಕು ಅಂತಿದ್ದೆ” ಅಂದರು ಅವರು. “ಅಷ್ಟು ಜನ ನಕ್ಕ ಮೇಲೆ ಹೇಳಿದ್ರೆ ನಗೆಗೆ ಹೆದರಿ ಹೇಳಿದ ಹಾಗಾಗ್ತಿತ್ತು. ಅದಕ್ಕೆ ಕೂತೆ. ಇರಲಿ. ಥೀಸಿಸ್ ಸಬ್ಮಿಟ್ ಮಾಡಿದೆಯಾ?”

“ಸಹಿ ಆಗ್ಬೇಕಲ್ಲ ಸಾರ್.”

“ಸಹಿ ಹಾ‌ಕಿ ಹೋದ ವಾರವೇ ಕೊಟ್ಟಿದ್ದೀನಲ್ಲ. ಕೊನೆ ಅಧ್ಯಾಯ ಸೊಗಸಾಗಿದೆ, ಹೊಟ್ಟೆ ಕಣದ ಪ್ರಯೋಗ ಇನ್ನೊಂದ್ಸಲ ಮಾಡಿ ನೋಡ್ಲಿ ಅಂತ ಹೇಳಿಯೂ ಕಳಿಸಿದ್ದೆ.” ಎದ್ದು, ಬಾಗಿಲ ಹತ್ತಿರ ಒಂದು ಕ್ಷಣ ನಿಂತರು, ಅವಳು ಏನಾದರೂ ಹೇಳುತ್ತಾಳೇನೋ ಅನ್ನುವ ಹಾಗೆ. ಅವಳು ನೆಲ ನೋಡುತ್ತಿದ್ದಳು. ಅವರು ಬೂಟನ್ನು ಕೈಯಲ್ಲೇ ಹಿಡಿದುಕೊಂಡು ಹೊರಟುಹೋದರು.

ಅಂದರೆ ಅವಳು ರೇಷ್ಮೆ ಸೀರೆಯುಟ್ಟು ಯುದ್ಧಕ್ಕೆ ಹೊರಟಾಗ ಗೆಲ್ಲುವುದಕ್ಕೆ ಏನೂ ಬಾಕಿ ಇರಲಿಲ್ಲ. ಅವಳು ಬೇಡಿದ್ದೆಲ್ಲ ಆಗಲೇ ಕೊಟ್ಟಾಗಿತ್ತು. ಕೊಟ್ಟ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಊರವರನ್ನು ನಗಿಸಿ, ಮೇಲೆ ಎರಡು ಹೋಳಿಗೆ ತಿಂದು ಬಂದಿದ್ದಳು. ಇಲಿಯ ಹೊಟ್ಟೆಯ ಕಣ ಏನು ಮಾಡುತ್ತದೆ ಅಂತ ಹಗಲಿಡೀ ಕಣ್ಣು ಕೀಲಿಸಿ ನೋಡಿದ ಬುದ್ಧಿವಂತೆಗೆ, ಬಾಗಿಲಿಗೆ ಒರಗಿ ಕೆನ್ನೆ ಕೆರೆದುಕೊಳ್ಳುತ್ತಿದ್ದವನು ಏನು ಮಾಡುತ್ತಿದ್ದಾನೆ ಅನ್ನುವುದು ಕಾಣಲಿಲ್ಲ.

ಗೌರೀಶಂಕರನ ಮೇಜಿಗೆ ಹೋಗಿ ನಿಂತಳು. ಅವನು ಬೀರು ತೆಗೆದು, ಸಹಿಯಾದ ಥೀಸಿಸ್ ತೆಗೆದುಕೊಟ್ಟ. ಮೇಲೆ ಧೂಳು ಕೂರದಂತೆ ವೃತ್ತಪತ್ರಿಕೆ ಸುತ್ತಿದ್ದ.

“ಸೆಮಿನಾರ್ ಗಲಾಟೆಲಿ ಕೈತಪ್ಪಿ ಹೋದೀತು ಅಂತ ಜೋಪಾನವಾಗಿ ಇಟ್ಟಿದ್ದೆ ಮೇಡಂ.”

“ಯಾಕೆ ಹೀಗ್ಮಾಡಿದ್ರಿ?”

“ನಾನೇನ್ ಮಾಡ್ದೆ?” ಅವನ ಮುಖದಲ್ಲಿ ನಿಜವಾದ ನೋವಿತ್ತು. “ಒಂದಾದ್ರೂ ಸುಳ್ಳು ಹೇಳಿದ್ನಾ? ಹೇಳಿ ಮೇಡಂ, ಒಂದೇ ಒಂದು?”

ಹುಡುಕಿದಳು. ಒಂದೂ ಸಿಗಲಿಲ್ಲ. ಅವರು ಅಂದದ್ದನ್ನೇ ತಂದಿದ್ದ, ಇವಳು ಅಂದದ್ದನ್ನೇ ಒಯ್ದಿದ್ದ. ಇಬ್ಬರೂ ನೇರ ಮಾತಾಡಿಕೊಂಡರೆ ಅವನಿಗೆ ಆ ಮನೆಯಲ್ಲಿ ಫ್ಲಾಸ್ಕು ತೊಳೆಯುವುದು ಬಿಟ್ಟರೆ ಬೇರೆ ಕೆಲಸವೇ ಇರುತ್ತಿರಲಿಲ್ಲ. ತನ್ನ ಅನ್ನವನ್ನು ತಾನು ನೋಡಿಕೊಂಡಿದ್ದ. ಇಡೀ ಕೇಂದ್ರದಲ್ಲಿ ಆ ಹೊತ್ತು ತಲೆ ಎತ್ತಿಕೊಂಡು ನಿಂತಿದ್ದವನು ಅವನೊಬ್ಬನೇ ಅಂತ ನೆನೆದು ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

ಮುಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಜಯಸಿಂಹರ ಕುರ್ಚಿಯ ಬೆನ್ನು, ಅದರ ಮೇಲೆ ಅವರ ನರೆತ ತಲೆ ಕಾಣುತ್ತಿತ್ತು. ಹೋಗಬೇಕು. ಹೋಗಿ, ಅಂದದ್ದು ಹೌದು ಸಾರ್, ತಪ್ಪಾಯಿತು ಅನ್ನಬೇಕು. ಅದಕ್ಕೆ ಬೇಕಾದದ್ದು ಒಂದು ವಾಕ್ಯ. ಅವಳು ಥೀಸಿಸ್ಸನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು. ಆ ತಲೆ ತನ್ನ ಕಡೆ ತಿರುಗಿ, ಆ ಕಣ್ಣು ಮತ್ತೊಮ್ಮೆ ‘ಅಂದೆಯಾ’ ಅಂತ ಕೇಳುವುದನ್ನು ನೆನೆದರೆ ಕಾಲು ಏಳಲಿಲ್ಲ.

ಗೌರೀಶಂಕರ ಹನ್ನೊಂದರ ಕಾಫಿ ಹಿಡಿದು ಹೊರಟಿದ್ದ.

“ನೋಡಿ” ಅಂದಳು ಚೂಡಾಮಣಿ, ಅವನ ಕಡೆ ನೋಡದೆ. “ಸಾರ್‌ಗೆ ನಾನು ಕ್ಷಮೆ ಕೇಳಿದೆ ಅಂತ ಹೇಳ್ಬಿಡಿ.”

“ಅಯ್ಯೋ, ಹೇಳ್ತೀನಿ ಮೇಡಂ. ಅದಕ್ಕೇನು.”

ಒಳಗೆ ಹೋದ, ಬಾಗಿಲು ಮುಚ್ಚಿಕೊಂಡಿತು. ಲೋಟಕ್ಕೆ ಕಾಫಿ ಬೀಳುವ ಸದ್ದು ಕೇಳಿತು. ಆಮೇಲೆ ಅವನ ದನಿ, ತೀರ ತಗ್ಗಿನಲ್ಲಿ. ಮಾತು ಯಾವುದೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ತುಟಿ ಕಚ್ಚಿ ತಲೆಯಾಡಿಸಿದ.

“ಈಗ ಹೋಗ್ಬೇಡಿ ಮೇಡಂ. ಸಾರ್‌ಗೆ ತುಂಬಾ ನೋವಾಗಿದೆ.”

ಚೂಡಾಮಣಿ ನಂಬಿದಳು.